17 ವರ್ಷದ ಬೆಕ್ಕು, ಕರೆದ್ರೂ ಮುಟ್ಟಿದ್ರೂ ಏಳ್ತಿಲ್ಲ. ಎಬ್ಬಿಸ್ಬೇಕಾ, ಬಿಡ್ಬೇಕಾ?

ಒಂಟಿಕೊಪ್ಪಲ್ ಮನೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಬೆಕ್ಕು ಸಾಕಿದವರು ತುಂಬ ಜನ ಇದೀರ ಅಂತ ನೋಡಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ನಮ್ಮ ಪುಟ್ಲಿಗೆ ಈಗ 17 ವರ್ಷ. 2008ರ ದಸರಾ ರಜದಲ್ಲಿ ಮಗಳು ಐದನೇ ಕ್ಲಾಸಲ್ಲಿದ್ದಾಗ ಮೋರಿ ಪಕ್ಕ ಅರಚ್ತಾ ಇದ್ದ ಮರೀನ ಫ್ರಾಕ್ ಮಡಿಲಲ್ಲಿ ಹಾಕ್ಕೊಂಡು ಬಂದಿದ್ಲು. ಈಗ ಮಗಳು ಪುಣೆಯಲ್ಲಿ ಕೆಲಸದಲ್ಲಿದಾಳೆ, ಯಜಮಾನ್ರು ಹೋಗಿ ನಾಲ್ಕು ವರ್ಷ ಆಯ್ತು, ಮನೇಲಿ ನಾನು ಪುಟ್ಲಿ ಇಬ್ರೇ.

ಅವಳ ಜಾಗ ಹಾಲಲ್ಲಿರೋ ಯುಪಿಎಸ್ ಮೇಲೆ, ಅದು ಬೆಚ್ಚಗಿರುತ್ತಲ್ಲ, ಮೇಲೆ ಯಜಮಾನ್ರ ಹಳೇ ಪಂಚೆ ಮಡಿಸಿ ಹಾಸಿದೀನಿ. ಮೊದಲೆಲ್ಲ ಬೆಳಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸೋ ಸದ್ದಾದ್ರೆ ಸಾಕು ತಾರಸಿ ಮೇಲಿದ್ರೂ ಕಾಲ ಹತ್ರ ಬಂದು ನಿಂತಿರೋಳು. ಸೋಮವಾರ ಪ್ಯಾಕೆಟ್ ಕತ್ತರಿಸ್ದೆ, ಬರ್ಲಿಲ್ಲ. ಹೋಗಿ ನೋಡಿದ್ರೆ ಒಂದು ಕಾಲು ಕೆಳಗೆ ಜೋತು ಬಿದ್ದಿದೆ, ಬಾಯಿ ಸ್ವಲ್ಪ ತೆರೆದಿದೆ, ಕಣ್ಣಲ್ಲಿ ಬಿಳೀ ಪೊರೆ ಕಾಣ್ತಿದೆ. ಕರೆದೆ, ಇಲ್ಲ. ಬೆನ್ನು ಸವರಿದೆ, ಇಲ್ಲ. ಕಾಲು ಎತ್ತಿ ಬಿಟ್ರೆ ಹಂಗೇ ಬಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ್ಮನೆಯವರು ಓಡಿ ಬಂದ್ರು. ಅವರು ಗೇಟ್ ತೆಗೆದು ಒಳಗೆ ಬರೋ ಹೊತ್ತಿಗೆ ಮಹಾರಾಣಿ ಒಂದು ಕಣ್ಣು ತೆರೆದು ಆಕಳಿಸಿ ಈ ಮಗ್ಗುಲಿಗೆ ತಿರುಗಿ ಮಲಗಿದ್ಲು.

ಈ ತಿಂಗಳಲ್ಲಿ ಇದು ಮೂರನೇ ಸಲ. ಈಗ ರಾತ್ರಿ ಎರಡು ಮೂರು ಸಲ ಎದ್ದು ಟಾರ್ಚ್ ಹಾಕಿ ಹೊಟ್ಟೆ ಆಡ್ತಿದೆಯಾ ಅಂತ ನೋಡೋದೇ ನನ್ನ ಕೆಲಸ ಆಗಿದೆ. ಊಟ ಮಾಡ್ತಾಳೆ, ನೀರು ಮೊದಲಿಗಿಂತ ಚೆನ್ನಾಗೇ ಕುಡೀತಾಳೆ, ಬಚ್ಚಲಲ್ಲಿ ಬಕೆಟ್‌ಗೂ ಬಾಯಿ ಹಾಕ್ತಾಳೆ. ಇದು ವಯಸ್ಸಿಗೆ ಸಹಜವಾ, ಕಾಯಿಲೆಯಾ? ಹಂಗೆ ಮಲಗಿದ್ದಾಗ ಎಬ್ಬಿಸಿ ನೋಡ್ಬೇಕಾ, ಬಿಡ್ಬೇಕಾ? ಮಗಳು ಬಿಡಮ್ಮ ಮಲಗ್ಲಿ ಅಂತಾಳೆ. ನಂಗೆ ಬಿಡಕ್ಕಾಗ್ತಿಲ್ಲ.

ಹುಬ್ಬಳ್ಳಿ ಮಂದಿ
ಅಕ್ಕಾರ, ಹೆದರಬ್ಯಾಡ್ರಿ. ನಮ್ಮನ್ಯಾಗೂ ಹಿಂಗ ಇತ್ತು. ಮೊದಲ ಒಂದು ಹೇಳ್ರಿ, ನಿಮ್ಮ ಬೆಕ್ಕಿಗೆ ಕಿವಿ ಕೇಳಸ್ತದೇನು?

ಬನಶಂಕರಿ 2ನೇ ಹಂತ
17 ವರ್ಷ ಅಂದ್ರೆ ಮನುಷ್ಯರ ಲೆಕ್ಕದಲ್ಲಿ 84 ಹತ್ರ. ಮೊದಲ ಎರಡು ವರ್ಷಕ್ಕೆ 24, ಆಮೇಲೆ ವರ್ಷಕ್ಕೆ ನಾಲ್ಕು ಅಂತ ಲೆಕ್ಕ ಹಾಕ್ತಾರೆ. 84ರ ಅಜ್ಜಿ ಮಧ್ಯಾಹ್ನ ಮಲಗಿದ್ರೆ ನಾವು ಎಬ್ಬಿಸ್ತೀವಾ? ಬಿಡಿ ಆರಾಮಾಗಿರ್ಲಿ.

ಒಂಟಿಕೊಪ್ಪಲ್ ಮನೆ
@ಹುಬ್ಬಳ್ಳಿ ಮಂದಿ ಕಿವಿ ಬಗ್ಗೆ ಯೋಚನೇನೇ ಮಾಡಿರ್ಲಿಲ್ಲ ನೋಡಿ. ನೀವು ಕೇಳಿದ್ಮೇಲೆ ಒಂದು ನೆನಪಾಯ್ತು. ಪ್ರತಿ ದೀಪಾವಳಿಗೂ ಮೊದಲನೇ ಪಟಾಕಿ ಸದ್ದಿಗೇ ಮಂಚದ ಕೆಳಗೆ ಸೇರಿದ್ರೆ ಮೂರು ದಿನ ಹೊರಗೆ ಬರ್ತಿರ್ಲಿಲ್ಲ. ಈ ಸಲ ಬೀದೀಲಿ ಸರಪಟಾಕಿ ಹಚ್ತಿದ್ರೆ ಯುಪಿಎಸ್ ಮೇಲೆ ಕಾಲು ಚಾಚ್ಕೊಂಡು ಮಲಗಿದ್ಲು. ನಾನು ಪರವಾಗಿಲ್ವೇ, ವಯಸ್ಸಾದ್ಮೇಲೆ ಧೈರ್ಯ ಬಂದಿದೆ ಅಂತ ಖುಷಿಪಟ್ಟು ಮಗಳಿಗೆ ವಿಡಿಯೋ ಬೇರೆ ಕಳಿಸಿದ್ದೆ.

ಹುಬ್ಬಳ್ಳಿ ಮಂದಿ
ಅದs ನೋಡ್ರಿ ಅಕ್ಕಾರ. ಧೈರ್ಯ ಅಲ್ಲರಿ ಅದು, ಕಿವಿ ಹೋಗ್ಯಾವ. ನಮ್ಮ ಸಾಹುಕಾರಂದೂ (ಬೆಕ್ಕಿನ ಹೆಸರು, 15 ವರ್ಷ ಬದುಕಿದ್ದ) ಹಿಂಗs ಗೊತ್ತಾತು. ಕುಕ್ಕರ್ ಸೀಟಿ ಹೊಡದ್ರ ಬಾಲ ಎತ್ಕೊಂಡು ಓಡಾಂವ, ಒಂದಿನ ಕುಕ್ಕರ್ ಪಕ್ಕದಾಗ ಮಲಗಿದಾಂವ ಅಳ್ಳಾಡಲಿಲ್ಲ. ನೋಡ್ರಿ, ಆರೋಗ್ಯ ಇರೋ ಬೆಕ್ಕು ಮಲಗಿದ್ರೂ ಅದರ ಕಿವಿ ಮಲಗಿರೂದಿಲ್ಲ. ಸಣ್ಣ ಸಪ್ಪಳಾದ್ರೂ ಕಣ್ಣ ತೆಗಿಯದನ ಕಿವಿ ಅಷ್ಟs ಆ ಕಡೆ ತಿರುಗಿಸ್ತದ. ಕಿವಿ ಕೇಳದ ಬೆಕ್ಕಿಗೆ ಎಚ್ಚರಸೋರು ಯಾರೂ ಇಲ್ಲ, ಅದಕ್ಕ ಪೂರಾ ಮುಣುಗಿದಂಗ ಮಲಗ್ತದ.

ಪರೀಕ್ಷೆ ಮಾಡ್ರಿ. ಅದು ಎಚ್ಚರ ಇದ್ದಾಗ ಹಿಂದಿಂದ ಹೋಗಿ, ಕಣ್ಣಿಗೆ ಕಾಣದಂಗ, ದೂರ ನಿಂತು ಒಂದು ತಟ್ಟಿ ಚಮಚದ ಸಪ್ಪಳ ಮಾಡ್ರಿ. ಹತ್ರ ನಿಂತು ಚಪ್ಪಾಳಿ ಹೊಡಿಬ್ಯಾಡ್ರಿ, ಗಾಳಿ ಮೀಸಿಗೆ ಬಡದ್ರ ತಿರುಗ್ತದ, ಕೇಳಸ್ತು ಅಂತ ನಾವು ತಪ್ಪ ತಿಳಕೋತೀವಿ.

ಮಂಡ್ಯದ್ ಕೊತ್ತಿ
ನಮ್ಮಟ್ಟೀಲೂ ಒಂದು ಮುದಿ ಕೊತ್ತಿ ಐತೆ ಕಣಕ್ಕ, 13 ವರ್ಷ. ರಾಗಿ ಮೂಟೆ ಮೇಲೆ ಬಿದ್ಕಂಡ್ರೆ ಮೂಟೆ ಎತ್ತಿ ಬೇರೆ ಕಡೆ ಮಡಗಿದ್ರೂ ಏಳಕಿಲ್ಲ.

ಬೀವಿಎಸ್ಸಿ ಹುಡುಗಿ
ಮೇಡಂ, ನಾನು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಓದ್ತಿದೀನಿ, ಇನ್ನೂ ಡಾಕ್ಟರ್ ಆಗಿಲ್ಲ, ಹಾಗಾಗಿ ನಾನು ಹೇಳೋದನ್ನ ನಿಮ್ಮ ಡಾಕ್ಟರ್ ಹತ್ರ ಕೇಳೋಕೆ ಇಟ್ಕೊಳಿ.

ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ಮಲಗೋದು ಮಾಮೂಲು, ವಯಸ್ಸಾದ್ದು ಇನ್ನೂ ಜಾಸ್ತಿ ಮಲಗುತ್ತೆ. ಎಷ್ಟು ಗಂಟೆ ಮಲಗ್ತು ಅನ್ನೋದಕ್ಕಿಂತ ಎದ್ಮೇಲೆ ಹೇಗಿದೆ ಅನ್ನೋದು ಮುಖ್ಯ. ಎದ್ದು ಮೈಮುರಿದು ನಡ್ಕೊಂಡು ಹೋಗಿ ತಿಂದ್ರೆ ಅದು ನಿದ್ದೆ. ಎದ್ಮೇಲೂ ತೂಗಾಡಿದ್ರೆ, ತಲೆ ಎತ್ತೋಕಾಗದೆ ಕುತ್ತಿಗೆ ಬಾಗಿದ್ರೆ, ಒಸಡು ಬೆಳ್ಳಗಿದ್ರೆ ಅದು ನಿದ್ದೆ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು.

ರಾತ್ರಿ ಎದ್ದು ನೋಡ್ತೀರಲ್ಲ, ನೋಡೋದನ್ನೇ ಉಪಯೋಗಕ್ಕೆ ಬರೋ ಹಾಗೆ ಮಾಡಿ. ಮಲಗಿದ್ದಾಗ ಮುಟ್ಟದೆ ಎದೆ ಹೊಟ್ಟೆ ಏರಿ ಇಳಿಯೋದನ್ನ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಏರಿ ಇಳಿದ್ರೆ ಒಂದು. ನಿಮಿಷಕ್ಕೆ 30ಕ್ಕಿಂತ ಕಮ್ಮಿ ಇರ್ಬೇಕು. ದಿನಾ 30 ದಾಟ್ತಿದ್ರೆ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರ್ಬಹುದು. ಗುರ್ ಗುರ್ ಅಂತಿದ್ದಾಗ ಎಣಿಸ್ಬೇಡಿ. ಮೀಸೆ, ಪಂಜ ಅದುರ್ತಿದ್ರೆ ಕನಸಿನ ನಿದ್ದೆ ಅದು, ಆಗ ಉಸಿರು ಏರುಪೇರು ಇರುತ್ತೆ, ಅದು ನಿಲ್ಲೋವರೆಗೂ ಕಾಯಿರಿ.

ಇನ್ನೊಂದು. ನೀರು ಚೆನ್ನಾಗೇ ಕುಡೀತಾಳೆ ಅಂತ ಒಳ್ಳೇ ಸುದ್ದಿ ಥರ ಬರೆದಿದೀರ. ನಿಮ್ಮ ಪೋಸ್ಟಲ್ಲಿ ನಂಗೆ ಭಯ ಆಗಿದ್ದು ಅದೊಂದೇ ಮಾತಿಗೆ. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂಗೆ ಜಾಸ್ತಿ ನೀರು ಕುಡಿದು ಜಾಸ್ತಿ ಮೂತ್ರ ಮಾಡಿದ್ರೆ ಕಿಡ್ನಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮೂರೂ ನೋಡ್ಲೇಬೇಕು. ತೂಕ ಎಷ್ಟಿದೆ, ಇಳಿದಿದೆಯಾ?

ಬನಶಂಕರಿ 2ನೇ ಹಂತ
ಸುಮ್ನೆ ಹೆದರಿಸ್ಬೇಡಮ್ಮ. 17 ವರ್ಷದ ಬೆಕ್ಕಿಗೆ ರಕ್ತ ತೆಗೆಸಿ, ಸ್ಕ್ಯಾನ್ ಮಾಡಿಸಿ, ಬುಟ್ಟೀಲಿ ಹಾಕ್ಕೊಂಡು ಆಟೋದಲ್ಲಿ ಕುಲುಕಿಸ್ಕೊಂಡು ಹೋಗಿ ಏನ್ ಸಿಗುತ್ತೆ? ನಾವು ಹಾಗೆ ಮಾಡಿ ಅನುಭವಿಸಿದೀವಿ. ಕೊನೇ ಒಂದು ತಿಂಗಳು ಬರೀ ಸೂಜಿ ಚುಚ್ಚಿಸ್ಕೊಂಡೇ ಹೋಯ್ತು ನಮ್ಮನೇದು. ಆ ಪಾಪ ಇವತ್ತಿಗೂ ನಂಗೆ ನಿದ್ದೆ ಕೊಡಲ್ಲ.

ಬೀವಿಎಸ್ಸಿ ಹುಡುಗಿ
@ಬನಶಂಕರಿ 2ನೇ ಹಂತ ನಿಮಗಾಗಿದ್ದಕ್ಕೆ ನಿಜವಾಗ್ಲೂ ಬೇಜಾರಾಯ್ತು ಸರ್. ಆದ್ರೆ ಕೊನೇ ತಿಂಗಳಲ್ಲಿ ಹೋಗೋದು ಬೇರೆ, ಇನ್ನೂ ತಿಂತಾ ನಡೀತಾ ಇರೋವಾಗ ಒಂದ್ಸಲ ರಕ್ತ, ಮೂತ್ರ, ಬಿಪಿ ನೋಡಿಸೋದು ಬೇರೆ. ಕಿಡ್ನಿ ಮುಕ್ಕಾಲು ಪಾಲು ಹಾಳಾಗೋವರೆಗೂ ಬೆಕ್ಕು ಏನೂ ತೋರಿಸ್ದೇ ಇರ್ಬಹುದು. ಬೇಗ ಗೊತ್ತಾದ್ರೆ ಊಟ ಬದಲಾಯಿಸಿ, ಬಿಪಿಗೆ ಮಾತ್ರೆ ಕೊಟ್ಟು ಆರಾಮಾಗಿ ಇಡಬಹುದು. ಇದು ಹಿಂಸೆ ಅಲ್ಲ.

ಕುಡ್ಲದ ಅಂಗಳ
ನಮ್ಮಲ್ಲಿ ಒಂದು ಉಂಟು ಮಾರಾಯ್ರೆ, 14 ವರ್ಷ. ಮೀನು ಕೊಯ್ಯುವಾಗ ಹೊರಗೆ ಮೆಟ್ಟಿಲ ಮೇಲೆ ಮಲಗಿರ್ತದೆ, ಕರೆದರೆ ಇಲ್ಲ, ಪೇಪರ್ ಬಡಿದರೆ ಇಲ್ಲ. ಒಂದು ಬಂಗುಡೆ ತಲೆ ಮೂಗಿನ ಹತ್ರ ಹಿಡಿದರೆ ಸಾಕು, ಮೊದಲು ಮೂಗು ಏಳ್ತದೆ, ಮತ್ತೆ ಮೀಸೆ, ಮತ್ತೆ ಕಣ್ಣು. ಕಿವಿ ಹೋದರೂ ಮೂಗು ಉಂಟಲ್ಲ, ಅದರಿಂದ ಎಬ್ಬಿಸಿ. ಹೆದರಿ ಏಳುವುದಿಲ್ಲ.

ದಾರಿಹೋಕ 99
ಕಾಲು ನೋವಿಂದ ಸುಸ್ತಾಗಿ ಹಂಗೆ ಮಲಗ್ತಿರ್ಬಹುದು. ಒಂದು ಡೋಲೋ ಮಾತ್ರೆ ನಾಲ್ಕು ಭಾಗ ಮಾಡಿ ಒಂದು ಭಾಗ ಪುಡಿ ಮಾಡಿ ಕೊಡಿ, ನಮ್ಮ ನಾಯಿಗೆ ಕೊಟ್ಟಿದ್ವಿ.

ಬೀವಿಎಸ್ಸಿ ಹುಡುಗಿ
ಬೇಡ!! ಯಾರೂ ದಯವಿಟ್ಟು ಕೊಡಬೇಡಿ. ಡೋಲೋದಲ್ಲಿರೋ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನ ಕರಗಿಸಿ ಹೊರಗೆ ಹಾಕೋ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ಸಾಕಷ್ಟು ಇಲ್ಲ, ಒಂದೇ ಒಂದು ಮಾತ್ರೆಯ ತುಂಡಿಗೂ ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರೋ ಶಕ್ತಿ ಹೋಗುತ್ತೆ, ಮುಖ ಪಂಜ ಊದ್ಕೊಂಡು ಸಾಯುತ್ತೆ. ನಾಯಿಗೆ ಕೊಟ್ಟಿದ್ದು ಬೆಕ್ಕಿಗೆ ಕೊಡೋ ಹಾಗೇ ಇಲ್ಲ. ನಾಯಿ ಕತ್ತಿಗೆ ಹಾಕೋ ಉಣ್ಣೆ ಔಷಧೀಲಿ ಪರ್ಮೆಥ್ರಿನ್ ಇದ್ರೆ ಅದೂ ಬೆಕ್ಕನ್ನ ಕೊಲ್ಲುತ್ತೆ.

ಅಡ್ಮಿನ್
ದಾರಿಹೋಕ ಅವರೇ, ನಿಮ್ಮ ಕಮೆಂಟ್ ಅಳಿಸಿಲ್ಲ, ಕೆಳಗಿನ ಉತ್ತರ ಓದೋರಿಗೆ ಅರ್ಥ ಆಗ್ಲಿ ಅಂತ ಹಾಗೇ ಬಿಟ್ಟಿದೀನಿ. ಔಷಧಿ ಹೆಸರು ಹೇಳೋಕೆ ಮುಂಚೆ ಎಲ್ಲರೂ ಯೋಚನೆ ಮಾಡಿ.

ದಾರಿಹೋಕ 99
ಕ್ಷಮಿಸಿ, ಗೊತ್ತಿರ್ಲಿಲ್ಲ. ಒಳ್ಳೇದಾಯ್ತು ಹೇಳಿದ್ದು.

ಸಾಗರದ ಮಳೆ
ಕಾಲು ನೋವಿನ ವಿಷಯ ಮಾತ್ರ ಪೂರ್ತಿ ತಳ್ಳಿ ಹಾಕ್ಬೇಡಿ. 2002ರಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ್ದೊಂದು ಅಧ್ಯಯನ ಇದೆ, ಅದ್ರಲ್ಲಿ 90ಕ್ಕೆ ಕೀಲು ಸವೆದಿತ್ತು. ಬೆಕ್ಕು ಕುಂಟೋದಿಲ್ಲ, ಹಾರೋದು ಬಿಡುತ್ತೆ ಅಷ್ಟೇ. ಮೊದಲು ಅಟ್ಟಕ್ಕೆ ಹಾರೋದು, ಆಮೇಲೆ ಕಿಟಕಿವರೆಗೆ, ಆಮೇಲೆ ನೆಲದ ಮೇಲೇ. ನಾವು ವಯಸ್ಸಾಯ್ತು ಅಂತ ಸುಮ್ನಾಗ್ತೀವಿ.

ನಮ್ಮನೆ ಬೆಳ್ಳಿ ಕಥೆ ಹೇಳ್ತೀನಿ. ನಮ್ಮ ಕಡೆ ಬಚ್ಚಲೊಲೆ ಬೂದೀಲಿ ಬೆಕ್ಕು ಮಲಗೋದು ನಿಮಗೆಲ್ಲ ಗೊತ್ತೇ ಇದೆ, ಮಳೆಗಾಲದಲ್ಲಂತೂ ಬೇರೆ ಜಾಗಾನೇ ಇಲ್ಲ ಅದಕ್ಕೆ. ಬೆಳಗಿನ ಜಾವ ಅಮ್ಮ ಹಂಡೆಗೆ ಬೆಂಕಿ ಹಾಕೋಕೆ ಹೋದಾಗ ಕಟ್ಟಿಗೆ ಸದ್ದಿಗೇ ಅದು ಎದ್ದು ಬರ್ತಿತ್ತು, ಹತ್ತು ಹನ್ನೆರಡು ವರ್ಷ ಹಾಗೇ ನಡೀತು. ಒಂದು ಆಷಾಢದಲ್ಲಿ ಅಮ್ಮ ಯಾವತ್ತಿನ ಹಾಗೆ ಕಟ್ಟಿಗೆ ತುರುಕಿ ಅಡಿಕೆ ಹಾಳೆಗೆ ಬೆಂಕಿ ಹಚ್ಚಿ ಒಳಗೆ ಇಟ್ರು, ಅದು ಒಳಗೇ ಇತ್ತು, ಎದ್ದಿರ್ಲಿಲ್ಲ. ಕೂದಲು ಸುಟ್ಟ ವಾಸನೆ ಬಂದು ಅಮ್ಮ ಕೈ ಹಾಕಿ ಎಳೆದ್ರು, ಅಮ್ಮನ ಕೈಯೂ ಸುಟ್ತು, ಅದರ ಒಂದು ಪಕ್ಕದ ಮೀಸೆ, ಹಿಂದಿನ ಕಾಲಿನ ರೋಮ ಹೋಯ್ತು. ಬದುಕ್ತು, ಆಮೇಲೂ ಎರಡು ವರ್ಷ ಇತ್ತು. ಆದ್ರೆ ಅವತ್ತಿಂದ ಅಮ್ಮ ಒಲೆಗೆ ಕೋಲು ಹಾಕಿ ಬೂದಿ ಕೆದಕಿ ನೋಡದೆ ಬೆಂಕಿ ಹಚ್ಚಿಲ್ಲ, ಬೆಕ್ಕು ಹೋಗಿ ಆರು ವರ್ಷ ಆದ್ರೂ ಈಗ್ಲೂ ಕೋಲು ಹಾಕ್ತಾರೆ.

ಅದಕ್ಕೇ ಹೇಳ್ತೀನಿ ಅಕ್ಕ, ಎಬ್ಬಿಸ್ಬೇಕಾ ಬಿಡ್ಬೇಕಾ ಅನ್ನೋದಕ್ಕಿಂತ ಮೊದಲು ಎಲ್ಲಿ ಮಲಗ್ತಾಳೆ ಅನ್ನೋದು ನೋಡಿ. ಕಾರಿನ ಕೆಳಗೆ, ವಾಷಿಂಗ್ ಮಷೀನ್ ಒಳಗೆ, ಬೀರು ಒಳಗೆ. ಕಿವಿ ಕೇಳದ ಬೆಕ್ಕಿಗೆ ಇಂಜಿನ್ ಸದ್ದೂ ಇಲ್ಲ, ಬಾಗಿಲ ಸದ್ದೂ ಇಲ್ಲ.

ಮಂಡ್ಯದ್ ಕೊತ್ತಿ
ಅಯ್ಯೋ ಶಿವನೆ. ಓದಿ ಎದೆ ಝಲ್ ಅಂತು. ನಾಳೆಯಿಂದ ಟ್ರ್ಯಾಕ್ಟರ್ ಕೆಳಗೆ ಬಗ್ಗಿ ನೋಡ್ದೆ ಸ್ಟಾರ್ಟ್ ಮಾಡಕಿಲ್ಲ.

ಸಂಪ್ರದಾಯ ಮನೆ
ಒಂದು ಮಾತು ಹೇಳ್ತೀನಿ ತಪ್ಪು ತಿಳಿಬೇಡಿ. ಬೆಕ್ಕು ಮನೆಯೊಳಗೆ ಪ್ರಾಣ ಬಿಡೋದು ಒಳ್ಳೇದಲ್ಲ ಅಂತ ನಮ್ಮ ಹಿರಿಯರು ಹೇಳೋರು. ಕಾಲ ಬಂದಾಗ ತಾನೇ ಮನೆ ಬಿಟ್ಟು ಹೋಗುತ್ತೆ ಅದು. ರಾತ್ರಿ ಹಿಂದಿನ ಬಾಗಿಲು ಸ್ವಲ್ಪ ತೆಗೆದಿಟ್ರೆ ಅದಕ್ಕೂ ದಾರಿ, ನಿಮಗೂ ಸಂಕಟ ಇಲ್ಲ.

ಕುಡ್ಲದ ಅಂಗಳ
ಎಂತ ಮಾತು ಇದು? 17 ವರ್ಷ ಸಾಕಿದ್ದನ್ನು ಬಾಗಿಲು ತೆಗೆದು ಕಳಿಸುವುದಾ?

ಹುಬ್ಬಳ್ಳಿ ಮಂದಿ
ಬೆಕ್ಕು ಮನಿ ಬಿಟ್ಟು ಹೋಗೂದು ಸಾಯಾಕಂತ ಅಲ್ಲರಿ. ಮೈಯಾಗ ಆರಾಮ ಇಲ್ಲಂದ್ರ ಯಾರಿಗೂ ಕಾಣದಂಗ ಮೂಲ್ಯಾಗ ಅಡಗಿ ಕುಂದರತದ, ಅಡವಿಯಾಗಿನ ಬುದ್ಧಿ ಅದು, ಸೊರಗಿದ್ದನ್ನ ನೋಡಿದ್ರ ದೊಡ್ಡ ಪ್ರಾಣಿ ಹಿಡೀತಾವ ಅಂತ. ಹಂಗ ಅಡಗಿದಲ್ಲೇ ಸತ್ತದ್ದನ್ನ ನಮ್ಮ ಹಿರ್ಯಾರು ಮನಿ ಬಿಟ್ಟು ಹೋತು ಅಂದ್ರು. ಕಿವಿ ಕೇಳದ ಮುದುಕಿನ್ನ ರಾತ್ರಿ ಹೊರಗ ಬಿಟ್ರ ನಾಯಿ ಹಿಡೀತಾವ, ಇಲ್ಲಂದ್ರ ಗಾಡಿ ಹಾಯ್ತದ. ಬಾಗಲಾ ಹಾಕ್ಕೋರಿ ಅಕ್ಕಾರ.

ಒಂಟಿಕೊಪ್ಪಲ್ ಮನೆ
@ಸಂಪ್ರದಾಯ ಮನೆ ನೀವು ಕೆಟ್ಟ ಮನಸ್ಸಿಂದ ಹೇಳಿಲ್ಲ ಅಂತ ಗೊತ್ತು. ನಮ್ಮತ್ತೆಯವರೂ ಹಾಗೇ ಹೇಳೋರು. ಆದ್ರೆ ಯಜಮಾನ್ರು ಹೋದ ರಾತ್ರಿ ಮನೆ ತುಂಬ ಜನ ಇದ್ರೂ ಅವಳು ನನ್ನ ಪಕ್ಕ ಬಿಟ್ಟು ಎದ್ದಿರ್ಲಿಲ್ಲ. ಅವಳು ಈ ಮನೇಲೇ ಇರ್ತಾಳೆ, ಏನಾದ್ರೂ ಇಲ್ಲೇ ಆಗ್ಲಿ.

ತಟ್ಟೆ ಚಮಚದ ಪರೀಕ್ಷೆ ಮಾಡ್ದೆ. ಮೂರು ಸಲ. ತಿರುಗ್ಲೇ ಇಲ್ಲ. ನಿನ್ನೆ ರಾತ್ರಿ ಉಸಿರು ಎಣಿಸಿದೆ, 22 ಬಂತು, ಬೆಳಗಿನ ಜಾವ 24. ಕ್ಯಾಲೆಂಡರ್ ಮೇಲೇ ಬರೆದಿಡ್ತಿದೀನಿ, ಹಾಲಿನ ಲೆಕ್ಕದ ಪಕ್ಕ. ತೂಕ ಮನೆ ಸ್ಕೇಲ್ ಮೇಲೆ ನಾನು ಅವಳನ್ನ ಎತ್ಕೊಂಡು ನಿಂತು, ಆಮೇಲೆ ನಾನೊಬ್ಳೇ ನಿಂತು ಕಳೆದ್ರೆ 3 ಕೆಜಿ. ಎರಡು ವರ್ಷದ ಹಿಂದೆ ಡಾಕ್ಟರ್ ಬುಕ್ಕಲ್ಲಿ 4.1 ಅಂತ ಇದೆ. ನೋಡಿ ಕೈ ಕಾಲು ತಣ್ಣಗಾಯ್ತು. ದಿನಾ ಜೊತೇಲಿರೋರಿಗೆ ಕಾಣೋದೇ ಇಲ್ಲ ಇದು.

ಬೀವಿಎಸ್ಸಿ ಹುಡುಗಿ
22, 24 ತುಂಬ ಚೆನ್ನಾಗಿದೆ ಮೇಡಂ. ಆದ್ರೆ 4.1ರಿಂದ 3 ಅಂದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಹೋಗಿದೆ. ಈ ವಾರಾನೇ ಹೋಗಿ. ಬಿಪಿ ನೋಡಿ ಅಂತ ನೀವೇ ಕೇಳಿ, ಎಲ್ಲ ಕಡೆ ತಾವಾಗೇ ನೋಡಲ್ಲ. ಬೆಕ್ಕಿಗೆ ಬಿಪಿ ಜಾಸ್ತಿ ಆದ್ರೆ ಕಣ್ಣಿನ ಪರದೆ ಕಿತ್ಕೊಂಡು ಒಂದೇ ರಾತ್ರೀಲಿ ಕುರುಡಾಗ್ಬಹುದು.

ಮೊಸರನ್ನದ ಮನೆ
ನಮ್ಮನೇಲಿ ಮೀನು ಮಾಂಸ ಇಲ್ಲ, ಬೆಕ್ಕು ಮಾತ್ರ ಯಾವಾಗ್ಲೂ ಇದ್ದೇ ಇದೆ, ಮೊಸರನ್ನ ಹಾಲನ್ನ ತಿಂದೇ ಬೆಳೆಯುತ್ತೆ. ನಮ್ಮಜ್ಜಿ ಕಾಲದ ಬೆಕ್ಕು ಯಾವ ಬಿಪಿ ನೋಡಿಸ್ಕೊಂಡಿತ್ತು? ಈಗ ಪ್ಯಾಕೆಟ್ ಆಹಾರ ಹಾಕೇ ಈ ಕಾಯಿಲೆ ಎಲ್ಲ ಬರ್ತಿರೋದು ಅಂತ ನನ್ನ ಅಭಿಪ್ರಾಯ.

ಫ್ರೀಮಾಂಟ್ ಕನ್ನಡತಿ
ಅಜ್ಜಿ ಮನೆ ಬೆಕ್ಕು ಮೊಸರನ್ನ ತಿಂದು ಬದುಕ್ತು ಅಂತ ನಾನೂ ನಂಬಿದ್ದೆ. ಅದು ನಮ್ಮ ಕಣ್ಣಿಗೆ ಕಂಡ ಊಟ ಅಷ್ಟೇ. ಕಾಣದ ಊಟ ಕಣಜದಲ್ಲಿತ್ತು, ಇಲಿ, ಹಲ್ಲಿ, ಗುಬ್ಬಿ. ಬೆಕ್ಕಿನ ಹೃದಯಕ್ಕೆ ಕಣ್ಣಿಗೆ ಟಾರಿನ್ ಅನ್ನೋದು ಬೇಕೇ ಬೇಕು, ಅದು ಮಾಂಸ ಮೀನಲ್ಲಿರುತ್ತೆ, ಅನ್ನದಲ್ಲಿ ಇಲ್ಲ, ಹಾಲಲ್ಲಿ ಇರೋದು ಸಾಲಲ್ಲ, ಬೆಕ್ಕಿನ ಮೈ ಅದನ್ನ ಸಾಕಷ್ಟು ಮಾಡ್ಕೊಳ್ಳೋಕೂ ಬರಲ್ಲ. 1987ರಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಇದು ಕಮ್ಮಿ ಆದ್ರೆ ಬೆಕ್ಕಿನ ಹೃದಯ ಊದಿ ಸೋಲುತ್ತೆ, ವಾಪಸ್ ಕೊಟ್ರೆ ಸರಿಹೋಗುತ್ತೆ ಅಂತ ತೋರಿಸಿದ್ಮೇಲೆ ಪ್ಯಾಕೆಟ್ ಆಹಾರಕ್ಕೆ ಟಾರಿನ್ ಜಾಸ್ತಿ ಹಾಕೋಕೆ ಶುರು ಮಾಡಿದ್ರು.

ಹರೆಯದ ಬೆಕ್ಕು ಹೊರಗೆ ಹೋಗಿ ಇಲಿ ಹಿಡ್ಕೊಂಡು ಸರಿ ಮಾಡ್ಕೊಳುತ್ತೆ. ದಿನಕ್ಕೆ 20 ಗಂಟೆ ಮಲಗೋ ಮುದುಕಿ ಎಲ್ಲಿಂದ ಹಿಡಿಯುತ್ತೆ? ನಿಮ್ಮ ಮೊಸರನ್ನದ ಬೆಕ್ಕು ಎಷ್ಟು ವರ್ಷ ಬದುಕುತ್ತೆ ಅಂತ ಹೇಳಿ.

ಮೊಸರನ್ನದ ಮನೆ
ಏಳೆಂಟು ವರ್ಷ. ಅದೇ ಆಯಸ್ಸು ಅಂದ್ಕೊಂಡಿದ್ವಿ.
ನಿಜ ಹೇಳ್ಬೇಕಂದ್ರೆ ನೀವು ಕೇಳಿದ್ಮೇಲೆ ಎರಡು ಬೆಕ್ಕಿನ ನೆನಪು ಬಂತು, ಎರಡೂ ಕೊನೇಲಿ ಏದುಸಿರು ಬಿಡ್ತಿದ್ವು. ಮನೇಲಿ ಮೊಟ್ಟೆ ತರೋಕೂ ಒಪ್ಪಲ್ಲ. ಒಣ ಪ್ಯಾಕೆಟ್ ಆದ್ರೆ ಹಿತ್ತಲಲ್ಲಿ ಇಟ್ಟು ಹಾಕ್ಬಹುದೇನೋ, ಮಾತಾಡಿ ನೋಡ್ತೀನಿ.

ಕುಡ್ಲದ ಅಂಗಳ
ಮೀನು ಹಾಕುವವರೂ ಒಂದು ನೆನಪಿಡಿ, ಸಾರಿನದ್ದು ಹಾಕಬೇಡಿ. ನೀರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸ್ತದೆ. ಉಪ್ಪು ಮೆಣಸು ಇಲ್ಲದೆ ಬೇಯಿಸಿ ಮುಳ್ಳು ತೆಗೆದು ಕೊಡಿ.

ಫ್ರೀಮಾಂಟ್ ಕನ್ನಡತಿ
ಆಯಸ್ಸಿನ ಮಾತು ಬಂದಿದ್ದಕ್ಕೆ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕ್ರೀಮ್ ಪಫ್ ಅಂತ ಒಂದು ಬೆಕ್ಕು 1967ರಿಂದ 2005ರವರೆಗೆ 38 ವರ್ಷ 3 ದಿನ ಬದುಕಿತ್ತು, ಗಿನ್ನೆಸ್ ದಾಖಲೆ ಅದು. 2022ರಲ್ಲಿ ಬದುಕಿರೋ ಬೆಕ್ಕಲ್ಲೆಲ್ಲ ಹಿರಿಯದು ಅಂತ ಗಿನ್ನೆಸ್ ಗುರುತಿಸಿದ ಇಂಗ್ಲೆಂಡಿನ ಫ್ಲಾಸಿಗೂ ಕಿವಿ ಕೇಳ್ತಿರ್ಲಿಲ್ಲ, ಕಣ್ಣೂ ಮಂಜು, ಆಗ ಅದಕ್ಕೆ 27 ಹತ್ರ. ನಿಮ್ಮ ಪುಟ್ಲಿ ಇನ್ನೂ ಚಿಕ್ಕೋಳು ಅಕ್ಕ.

ಸಾಗರದ ಮಳೆ
ಕಾಲು ಎತ್ತಿ ಬಿಟ್ರೆ ಹಾಗೇ ಬಿತ್ತು ಅಂದ್ರಲ್ಲ, ಅದಕ್ಕೆ ಕಾರಣ ಇದೆ. ಫ್ರಾನ್ಸ್‌ನ ಲಿಯಾನ್‌ನಲ್ಲಿ ಮಿಷೆಲ್ ಜೂವೆ ಅನ್ನೋ ವಿಜ್ಞಾನಿ 1959ರ ಹೊತ್ತಿಗೆ ಬೆಕ್ಕುಗಳ ನಿದ್ದೆ ಮೇಲೇ ಕೆಲಸ ಮಾಡಿ ಇದನ್ನ ಕಂಡುಹಿಡಿದಿದ್ದು. ಕನಸು ಬೀಳೋ ಹೊತ್ತಲ್ಲಿ ಮಿದುಳು ಎಚ್ಚರ ಇದ್ದ ಹಾಗೇ ಕೆಲಸ ಮಾಡ್ತಿರುತ್ತೆ, ಆದ್ರೆ ಕುತ್ತಿಗೆ, ಕೈಕಾಲಿನ ಸ್ನಾಯುಗಳು ಸಡಿಲ, ಬಟ್ಟೆ ಥರ. ಸಡಿಲ ಆಗದಿದ್ರೆ ಕನಸಲ್ಲಿ ಓಡಿದ್ದನ್ನ ನಿಜವಾಗ್ಲೂ ಓಡ್ಬಿಡುತ್ತೆ. ಮನುಷ್ಯರ ನಿದ್ದೆ ಬಗ್ಗೆ ಇವತ್ತು ಗೊತ್ತಿರೋದ್ರಲ್ಲಿ ಎಷ್ಟೋ ಪಾಲು ಬೆಕ್ಕಿಂದ ಬಂದಿದ್ದು.

ಹುಬ್ಬಳ್ಳಿ ಮಂದಿ
ಆ ಬೆಕ್ಕುಗಳ ಮಿದುಳಾಗಿನ ಭಾಗ ಕಿತ್ತು ನೋಡಿದ್ರಂತಲ್ರಿ. ನನಗ ಅದನ್ನ ಓದಿದಾಗ ಎರಡು ದಿನ ಊಟ ಸೇರಿರಲಿಲ್ಲ.

ಸಾಗರದ ಮಳೆ
ಹೌದು. ಅದನ್ನ ನಾನು ಹೇಳದೇ ಬಿಟ್ಟಿದ್ದು ತಪ್ಪು.

ಮಂಡ್ಯದ್ ಕೊತ್ತಿ
ನಮ್ಮ ಕೊತ್ತಿ ನಿದ್ದೇಲಿ ಕಾಲು ಒದರಿ ಕಚಕಚ ಅಂತ ಬಾಯಿ ಆಡ್ಸುತ್ತೆ, ಹಕ್ಕಿ ಹಿಡಿಯೋ ಕನಸು ಇರ್ಬೇಕು. ಎಚ್ಚರ ಇದ್ದಾಗ ಹಕ್ಕಿ ಪಕ್ಕದಲ್ಲೇ ಕುಂತ್ರೂ ನೋಡಾಕಿಲ್ಲ ಈಗ. ಕನಸಲ್ಲಾದ್ರೂ ಹಿಡೀಲಿ ಬಿಡಕ್ಕ.

ಒಂಟಿಕೊಪ್ಪಲ್ ಮನೆ
ಶುಕ್ರವಾರದ ಸುದ್ದಿ ಹೇಳ್ತೀನಿ. ಡಾಕ್ಟ್ರು ಮನೆಗೇ ಬಂದ್ರು, ಪುಟ್ಲಿಗೆ ಆಟೋ ಅಂದ್ರೆ ಆಗಲ್ಲ. ಬಾಲಕ್ಕೆ ಚಿಕ್ಕ ಪಟ್ಟಿ ಸುತ್ತಿ ಬಿಪಿ ನೋಡಿದ್ರು, ಹೊಸಬ್ರು ಬಂದ ಗಾಬರಿಗೆ ಜಾಸ್ತಿ ತೋರಿಸ್ಬಹುದು ಅಂತ ಹತ್ತು ನಿಮಿಷ ಸುಮ್ನೆ ಕೂತಿದ್ದು ಐದಾರು ಸಲ ನೋಡಿದ್ರು. 190 ಬಂತು. 160 ದಾಟಿದ್ರೇ ಜಾಸ್ತಿ ಅಂತೆ. ರಕ್ತದಲ್ಲಿ ಕ್ರಿಯಾಟಿನಿನ್ 2.3, ಕಿಡ್ನಿ ಕಾಯಿಲೆ ಎರಡನೇ ಹಂತ ಅಂದ್ರು. ಸಕ್ಕರೆ ಇಲ್ಲ, ಥೈರಾಯ್ಡ್ ಸರಿ ಇದೆ. ಕಣ್ಣಿಗೆ ಬೆಳಕು ಬಿಟ್ಟು ನೋಡಿ ಪರದೆ ಇನ್ನೂ ಚೆನ್ನಾಗಿದೆ, ಟೈಮಿಗೆ ಕರೆದ್ರಿ ಅಂದ್ರು. ಬಿಪಿಗೆ ಅಮ್ಲೋಡಿಪಿನ್ ಚಿಕ್ಕ ತುಂಡು ಬರ್ಕೊಟ್ಟಿದಾರೆ, ಊಟ ಕಿಡ್ನಿಗೆ ಅಂತ ಬರೋದಕ್ಕೆ ನಿಧಾನಕ್ಕೆ ಬದಲಾಯಿಸ್ಬೇಕು.

ಕಿವಿ ವಯಸ್ಸಿಂದ ಹೋಗಿದೆ, ಅದು ವಾಪಸ್ ಬರಲ್ಲ. ಆಳವಾಗಿ ಮಲಗೋದು ಅದಕ್ಕೇ, ಮಲಗ್ಲಿ ಬಿಡಿ ಅಂದ್ರು. ಆ ಮಾತು ಕೇಳಿ ನಂಗೆ ಅಳು ಬಂದ್ಬಿಡ್ತು. ನಾಲ್ಕು ವಾರದಿಂದ ನಾನು ಅವಳನ್ನ ಬದುಕಿದಾಳಾ ಅಂತ ನೋಡೋಕೆ ಮುಟ್ಟಿ ಮುಟ್ಟಿ ಎಬ್ಬಿಸಿದೀನಿ, ಪಾಪ ಎಷ್ಟು ಸಲ ಬೆಚ್ಚಿ ಎದ್ಲೋ. ಅವಳಿಗೆ ನಾನು ಬರೋ ಸದ್ದೂ ಇಲ್ಲ, ಕತ್ತಲಲ್ಲಿ ಒಂದು ಕೈ ಮೈ ಮೇಲೆ ಬೀಳುತ್ತೆ ಅಷ್ಟೇ.

ಬನಶಂಕರಿ 2ನೇ ಹಂತ
ನಾನು ಬೇಡ ಅಂದಿದ್ದೆ. ನೀವು ಡಾಕ್ಟ್ರನ್ನ ಕರೆಸಿದ್ದು ಒಳ್ಳೇದಾಯ್ತು ಅಮ್ಮ. ನಮ್ಮನೇದನ್ನ ತೋರಿಸಿದಾಗ ಮೊದಲು ಹೋದ ಕ್ಲಿನಿಕ್‌ನಲ್ಲಿ ವಯಸ್ಸಾಯ್ತು ಬಿಡಿ ಅಂತ ವಾಪಸ್ ಕಳಿಸಿದ್ರು, ಬಿಪಿ ಯಾರೂ ನೋಡ್ಲಿಲ್ಲ, ಆರು ತಿಂಗಳಾದ್ಮೇಲೆ ಒಂದು ಬೆಳಗ್ಗೆ ಗೋಡೆಗೆ ಡಿಕ್ಕಿ ಹೊಡೀತಿತ್ತು. ಆ ಸಿಟ್ಟನ್ನ ನಾನು ಇಲ್ಲಿ ತೋರಿಸ್ಬಾರ್ದಾಗಿತ್ತು.

ಹುಬ್ಬಳ್ಳಿ ಮಂದಿ
ಬೆಚ್ಚಿ ಏಳಬಾರದು ಅಂದ್ರ ನೆಲಕ್ಕ ಕಾಲಿಂದ ಧಡ್ ಧಡ್ ಅಂತ ಬಡದು ಹತ್ರ ಹೋಗ್ರಿ, ಅದುರೂದು ಗೊತ್ತಾಗ್ತದ.

ಫ್ರೀಮಾಂಟ್ ಕನ್ನಡತಿ
ಅದು ಇಲ್ಲಿ ಮರದ ನೆಲಕ್ಕೆ ಸರಿ. ಒಂಟಿಕೊಪ್ಪಲಿನ ಹಳೇ ಮನೆ ರೆಡ್ ಆಕ್ಸೈಡ್ ನೆಲ ಆನೆ ಬಂದ್ರೂ ಅದುರಲ್ಲ! ಅವಳು ಮಲಗೋ ಯುಪಿಎಸ್ ಪೆಟ್ಟಿಗೆ ಬದಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ. ಇಲ್ಲಾಂದ್ರೆ ಹಾಸಿದ ಪಂಚೆಯ ಅಂಚು ಒತ್ತಿ. ರಾತ್ರಿ ಆದ್ರೆ ಮೊದಲು ದೀಪ ಹಾಕಿ, ಟಾರ್ಚ್ ಮುಖಕ್ಕೆ ಬಿಡಬೇಡಿ.

ಯುಪಿಎಸ್ ಎಷ್ಟು ಎತ್ತರ ಇದೆ? ಪಕ್ಕದಲ್ಲಿ ಒಂದು ಮಣೆ, ಅದರ ಪಕ್ಕ ಇನ್ನೊಂದು ಚಿಕ್ಕ ಮಣೆ ಇಡಿ, ಹತ್ತಿ ಇಳಿಯೋಕೆ. ವೈರ್, ಬ್ಯಾಟರಿ ತುದಿ ಮುಚ್ಚಿದೆಯಾ ಅದೂ ನೋಡಿ, ಕಿಡ್ನಿ ಬೆಕ್ಕು ನಿದ್ದೇಲಿ ಮೂತ್ರ ಮಾಡ್ಕೊಳ್ಳೋದುಂಟು.

ಬೀವಿಎಸ್ಸಿ ಹುಡುಗಿ
ಚಳಿಗೆ ಬಿಸಿನೀರಿನ ಚೀಲ ಇಡೋರು ಎರಡು ಪದರ ಟವೆಲ್ ಸುತ್ತಿ, ಅವಳು ಪಕ್ಕಕ್ಕೆ ಸರಿಯೋಕೆ ಜಾಗ ಇರ್ಲಿ. ಇಷ್ಟು ಆಳವಾಗಿ ಮಲಗೋ ಬೆಕ್ಕು ಸುಡ್ತಿದ್ರೂ ಬೇಗ ಏಳಲ್ಲ, ಕ್ಲಿನಿಕ್‌ಗೆ ಅಂಥ ಸುಟ್ಟ ಗಾಯದ್ದು ಬಂದಿದ್ದು ನೋಡಿದೀನಿ.

ಒಂಟಿಕೊಪ್ಪಲ್ ಮನೆ
ಮಣೆ ಇಟ್ಟೆ. ವೈರ್ ಕಡೆ ಎಲೆಕ್ಟ್ರಿಷಿಯನ್ ಕರೆಸಿ ಮುಚ್ಚಳ ಹಾಕಿಸ್ದೆ. ಈಗ ಒಂದೇ ಕಷ್ಟ, ಮಾತ್ರೆ. ಬಾಯಿಗೆ ಹಾಕಿದ್ರೆ ಹತ್ತು ನಿಮಿಷ ಆದ್ಮೇಲೆ ಸೋಫಾ ಹಿಂದೆ ಉಗುಳಿರ್ತಾಳೆ. ಯಾರಿಗಾದ್ರೂ ಉಪಾಯ ಗೊತ್ತಾ?

ಮಂಡ್ಯದ್ ಕೊತ್ತಿ
ಬೆಣ್ಣೇಲಿ ಉಂಡೆ ಮಾಡಿ ಕೊಡಕ್ಕ.

ಕುಡ್ಲದ ಅಂಗಳ
ಮೀನಿನ ತುಂಡು ಮೂರು ಮಾಡಿ. ಮೊದಲನೆಯದು ಬರೀ ಮೀನು, ಎರಡನೆಯದರ ಒಳಗೆ ಮಾತ್ರೆ, ಮೂರನೆಯದು ಕಣ್ಣೆದುರು ಹಿಡ್ಕೊಂಡಿರಿ. ಮೂರನೆಯದ್ದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗ್ತದೆ.

ಬೀವಿಎಸ್ಸಿ ಹುಡುಗಿ
ಹೇಗೇ ಕೊಟ್ರೂ ಆಮೇಲೆ ಸೂಜಿ ಇಲ್ಲದ ಸಿರಿಂಜಲ್ಲಿ 5 ಎಂಎಲ್ ನೀರು ಕೆನ್ನೆ ಪಕ್ಕದಿಂದ ನಿಧಾನಕ್ಕೆ ಬಿಡಿ ಮೇಡಂ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ಸಿಕ್ಕಾಕೊಂಡು ಕೂರುತ್ತೆ, ಅಲ್ಲಿ ಹುಣ್ಣಾಗುತ್ತೆ. ಕೊಡೋಕೆ ಮುಂಚೆ ಪೂರ್ತಿ ಎಚ್ಚರ ಆಗಿರ್ಲಿ, ಅರೆನಿದ್ದೇಲಿ ಬೇಡ. ಮೀನು ಇಷ್ಟೇ ಇಷ್ಟು ಸಾಕು, ಹೊಸ ಊಟದ ಮೇಲೆ ಮನಸ್ಸು ಹೋಗ್ಬೇಕಲ್ಲ.

ಒಂಟಿಕೊಪ್ಪಲ್ ಮನೆ
ಮೂರು ತುಂಡಿನ ಉಪಾಯ ಕೆಲಸ ಮಾಡ್ತು! ಬಂಗುಡೆ ಸಿಗ್ಲಿಲ್ಲ, ಪಕ್ಕದ್ಮನೆಯವರ ಹತ್ರ ಒಂದು ಚೂರು ಕೋಳಿ ಬೇಯಿಸಿಸ್ಕೊಂಡೆ. ನೀರೂ ಕುಡಿಸಿದೆ, ಮುಖ ಸಿಂಡರಿಸಿದ್ಲು, ಆದ್ರೂ ಕುಡಿದ್ಲು. ಎರಡು ವಾರ ಬಿಟ್ಟು ಮತ್ತೆ ಬಿಪಿ ನೋಡ್ತಾರಂತೆ, ಆಗ ಬಂದು ಹೇಳ್ತೀನಿ. ಈಗ ಗಂಟೆ ಹತ್ತೂಕಾಲು, ಎರಡು ಮಣೆ ಹತ್ತಿ ಹೋಗಿ ಮಲಗಿದಾಳೆ, ಬಾಲ ಕೆಳಗೆ ಜೋತಾಡ್ತಿದೆ. ಕುರ್ಚಿಯಿಂದ್ಲೇ ಎಣಿಸ್ದೆ, 24.